ಸಿರಿಂಜಮ್ಮ ಕೂರುತ್ತಿದ್ದ ಮಗ್ಗುಲು

ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಬರುವ ರಭಸ ಕೇಳಿದಾಗಲೇ ಸಿರಿಂಜಮ್ಮನಿಗೆ ಗೊತ್ತಾಯಿತು, ಇದು ಕ್ಷೇಮ ಸಮಾಚಾರದ ಭೇಟಿಯಲ್ಲ ಎಂದು.

“ತಪ್ಪು ತಿಳ್ಕೋಬೇಡಿ ಅಕ್ಕಾ,” ಎಂದು ಆಕೆ ಬಾಗಿಲಲ್ಲೇ ಶುರು ಮಾಡಿದಳು. “ನಿಮ್ಮ ಕಷ್ಟ ನಮಗೂ ಅರ್ಥ ಆಗತ್ತೆ. ಆದ್ರೆ ಆ ದಬ್ ದಬ್ ಸದ್ದು ಇದ್ಯಲ್ಲ, ಮಧ್ಯಾಹ್ನ ಸ್ವಲ್ಪ ಕಣ್ಣು ಮುಚ್ಚೋಣ ಅಂದ್ರೆ ನೆತ್ತಿ ಮೇಲೇ ಕುಟ್ಟಿದ ಹಾಗಾಗತ್ತೆ. ಮೇಲಿನವರು ಮನೇಲಿ ಬಡಗಿ ಕೆಲಸ ಇಟ್ಕೊಂಡಿದ್ದಾರಾ ಅಂತ ನಮ್ಮತ್ತೆ ಕೇಳ್ತಾರೆ.”

“ಬಡಗಿಯೂ ಇಲ್ಲ, ಗಿಡಗಿಯೂ ಇಲ್ಲ. ನಮ್ಮೆಜಮಾನ್ರ ಎಡಗಾಲು ಅದು. ತಾನಾಗೇ ಬಡ್ಕೊಳ್ಳತ್ತೆ. ಕಾಯಿಲೆದು.”

“ಅಯ್ಯೋ ಪಾಪ,” ಎಂದಳು ಆಕೆ. ಆದರೆ ಜಾಗ ಬಿಟ್ಟು ಕದಲಲಿಲ್ಲ.

ಅವತ್ತೇ ಸಿರಿಂಜಮ್ಮ ಒಂದು ಹಳೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಗಂಡನ ಎಡಗಾಲಿನ ಕೆಳಗೆ ತುರುಕಿದಳು. ಅವನು ಕಂಬಳಿಯನ್ನು ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. ಕಾಲು ಅಲ್ಲಾಡುತ್ತಲೇ ಇತ್ತು, ಸದ್ದು ಮಾತ್ರ ನಿಂತಿತು. ಈ ಕಂಬಳಿಯನ್ನು ನೀವು ಮರೆಯಬೇಡಿ. ಸಿರಿಂಜಮ್ಮನಂತೂ ಸಾಯುವ ತನಕ ಮರೆಯುವುದಿಲ್ಲ.

ಸಿರಿಂಜಮ್ಮ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬಿಡಿ. ಊರಿನ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೂ ರಕ್ತನಾಳಗಳ ಅಚ್ಚು ತೆಗೆಯುವ ಕೆಲಸ ಮಾಡುತ್ತಿದ್ದರು. ಸತ್ತ ಪ್ರಾಣಿಯ ಹೃದಯ ತಂದು, ಒಳಗಿನ ರಕ್ತವನ್ನೆಲ್ಲ ಬೆಚ್ಚಗಿನ ಉಪ್ಪುನೀರಲ್ಲಿ ತೊಳೆದು, ನಾಳದ ಬಾಯಿಗೆ ಸಣ್ಣ ಕೊಳವೆ ಕಟ್ಟಿ, ಬಣ್ಣ ಕಲಸಿದ ರಾಳವನ್ನು ದೊಡ್ಡ ಸಿರಿಂಜಿನಿಂದ ಒಳಗೆ ತಳ್ಳಬೇಕು. ರಾಳ ಗಟ್ಟಿಯಾದ ಮೇಲೆ ಇಡೀ ಮುದ್ದೆಯನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ಮುಳುಗಿಸಿಟ್ಟರೆ ಮಾಂಸವೆಲ್ಲ ಕರಗಿ, ರಕ್ತ ಹರಿದ ದಾರಿಗಳು ಮಾತ್ರ ಕೆಂಪು ನೀಲಿ ಪೊದೆಯಾಗಿ ಉಳಿಯುತ್ತವೆ. ಕೇಳುವುದಕ್ಕೇನೋ ಸುಲಭ, ಮಾಡಲು ಹೋದವರಿಗೆ ಗೊತ್ತು. ಕಡಿಮೆ ತಳ್ಳಿದರೆ ಕೊಂಬೆಗಳೇ ಬರುವುದಿಲ್ಲ, ಒಂದು ಚೂರು ಹೆಚ್ಚಾಯಿತೋ, ನಾಳ ಒಡೆದು ಎಲ್ಲಾ ರಾಡಿ. ಅದಕ್ಕೇ ಇಬ್ಬರು ಬೇಕು. ಅವಳು ಸಿರಿಂಜು ಒತ್ತುವಳು. ಅವನು ಬಲಗೈ ತೋರುಬೆರಳನ್ನು ನಾಳದ ತುದಿಯ ಮೇಲಿಟ್ಟು, ಅದು ತುಂಬಿಕೊಳ್ಳುವುದನ್ನು ಬೆರಳಿನಿಂದಲೇ ಕಾಯುವನು. ಹಾಗಾಗಿ ಅವಳು ಸಿರಿಂಜಮ್ಮ, ಅವನು ಬೆರಳಪ್ಪ. ಗೇಟಿನ ಕಾವಲುಗಾರ ತಮಾಷೆಗೆ ಇಟ್ಟ ಹೆಸರುಗಳು ಕೊನೆಗೆ ಮಗಳ ಮದುವೆಗೆ ಬಂದ ಉಡುಗೊರೆಗಳ ಮೇಲೂ ಕೂತವು.

ರಾಳದ ವಾಸನೆಗೆ ಇಬ್ಬರ ಮುಖಕ್ಕೂ ದಪ್ಪ ಮಾಸ್ಕು. ಮಾತಾಡಿದರೆ ಗೊರಗೊರ ಸದ್ದೇ ಹೊರತು ಮತ್ತೇನೂ ಕೇಳುವುದಿಲ್ಲ. ಕೈಗಳಂತೂ ನಾಲ್ಕೂ ಕೆಲಸದಲ್ಲಿ. ಉಳಿದದ್ದು ಕಾಲು. ಅವಳು ಯಾವಾಗಲೂ ಅವನ ಬಲಗಡೆ ಕೂರುತ್ತಿದ್ದಳು, ಮೇಜಿನ ಕೆಳಗೆ ಚಪ್ಪಲಿ ಕಳಚಿ. ಅವನ ಬಲಗಾಲು ಅವಳ ಎಡಗಾಲಿನ ಮೇಲೆ. ಒಂದು ಸಲ ಒತ್ತಿದರೆ ‘ಸಾಕು’, ಎರಡು ಸಲ ಒತ್ತಿದರೆ ‘ಇನ್ನೂ’. ಅಷ್ಟೇ ಅವರ ಭಾಷೆ. ಆ ಎರಡೇ ಮಾತಿನಲ್ಲಿ ಅವರು ಕುದುರೆಯ ಹೃದಯ, ಬಾತುಕೋಳಿಯ ಹೃದಯ, ಮೃಗಾಲಯದಲ್ಲಿ ಸತ್ತ ಮುದಿ ಕರಡಿಯ ಹೃದಯ ಎಲ್ಲವನ್ನೂ ಅಚ್ಚು ತೆಗೆದು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು.

ಕೆಲಸದ ಈ ಚಾಳಿ ಮನೆಗೂ ಬಂತು. ಸಿರಿಂಜಮ್ಮ ಒಳ್ಳೆಯ ಮಾತುಗಾತಿ. ಒಳ್ಳೆಯ ಎಂದರೆ, ನಿಲ್ಲಿಸಲು ಬಾರದ ಮಾತುಗಾತಿ. ನೆಂಟರ ಮನೆಯಲ್ಲಿ ಊಟಕ್ಕೆ ಕೂತು, ನಾದಿನಿಯ ಸೊಸೆಯ ವಿಷಯ ಎತ್ತಿ, ಇನ್ನೇನು ಹೇಳಬಾರದ್ದು ಬಾಯಿಂದ ಜಾರಬೇಕು, ಆಗ ಮೇಜಿನ ಕೆಳಗೆ ಒಂದು ಒತ್ತು. ಅವಳು ಅರ್ಧ ವಾಕ್ಯಕ್ಕೇ ಗಪ್‌ಚಿಪ್.

“ಏನೋ ಹೇಳ್ತಿದ್ರಲ್ಲ ಅತ್ತಿಗೆ?”

“ಏನಿಲ್ಲಮ್ಮ, ಮರ್ತೇಹೋಯ್ತು.”

ವಾಪಸು ಬರುವಾಗ ಬಸ್ಸಿನಲ್ಲಿ ಜಗಳ. “ನಾಲ್ಕು ಜನರ ಮುಂದೆ ಹೆಂಡ್ತಿ ಕಾಲು ತುಳೀತೀರಲ್ರೀ, ನಾಚಿಕೆ ಆಗಲ್ವಾ?” “ತುಳಿದಿದ್ದಕ್ಕೇ ಮಾನ ಉಳೀತು ಕಣೇ,” ಎಂದು ಅವನು ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದ. ಆದರೆ ಕೆಲವೊಮ್ಮೆ, ಅವಳು ಚಿಕ್ಕಂದಿನ ಯಾವುದೋ ಕಥೆ ಹೇಳುವಾಗ, ಕೇಳುವವರೆಲ್ಲ ಆಕಳಿಸುತ್ತಿದ್ದರೂ ಕೆಳಗಿನಿಂದ ಮೆಲ್ಲಗೆ ಎರಡು ಒತ್ತು ಬರುತ್ತಿತ್ತು. ಇನ್ನೂ ಹೇಳು. ಆಗ ಅವಳಿಗೆ ಯಾರ ಆಕಳಿಕೆಯೂ ಲೆಕ್ಕಕ್ಕಿರಲಿಲ್ಲ.

ಅಂಥವನು ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಹಾಗೇ ಮಂಚದ ಮೇಲೆ ವಾಲಿದ. ಮೆದುಳಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ಒಂದು ಚೂರು. ಜೀವಮಾನವಿಡೀ ಸತ್ತ ಪ್ರಾಣಿಗಳ ನಾಳ ತೊಳೆದ ಮನುಷ್ಯನಿಗೆ ಇದೇ ಆಗಬೇಕಿತ್ತೇ? ಎಂಥಾ ಅನ್ಯಾಯ ನೋಡಿ. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಪೂರ್ತಿ ಹೋಯಿತು. ಹೌದು ಎನ್ನಲು, ಇಲ್ಲ ಎನ್ನಲು ತಲೆಯಾಡಿಸಿದರೂ ಎರಡಕ್ಕೂ ಒಂದೇ ಥರ ಆಡಿಸುತ್ತಿದ್ದ. ಅವರಿಗೆ ಎಷ್ಟು ಅರ್ಥವಾಗುತ್ತದೋ ಹೇಳುವುದು ಕಷ್ಟ, ಬಹುಶಃ ಏನೂ ಇಲ್ಲ ಎಂದರು ವೈದ್ಯರು. ಎಡಗಾಲು ಬಡಿಯುವುದನ್ನು ತೋರಿಸಿದ್ದಕ್ಕೆ, ಇಂಥ ಕಾಯಿಲೆಯಲ್ಲಿ ಹಾಗೆಲ್ಲ ಆಗುವುದುಂಟು ಎಂದರು. ಬಲಗಡೆ ಬಲವಿಲ್ಲ, ಆ ಕಡೆಗೇ ಬೀಳುತ್ತಾರೆ, ಯಾವಾಗಲೂ ಆ ಮಗ್ಗುಲಲ್ಲೇ ಇರಿ ಎಂದು ನರ್ಸು ಹೇಳಿಕೊಟ್ಟಳು. ಹೇಳಿಕೊಡಬೇಕಾದ್ದೇನಿತ್ತು? ಸಿರಿಂಜಮ್ಮ ಬೇರೆ ಮಗ್ಗುಲಲ್ಲಿ ಕೂತದ್ದಾದರೂ ಯಾವಾಗ?

ಆ ಬಲಗಡೆಯ ಸ್ಟೂಲಿನಲ್ಲಿ ಕೂತು ಅವಳು ಅವನಿಗೆ ಉಣಿಸಿದಳು, ಬಾಯಿ ಒರೆಸಿದಳು, ಬೀದಿಯ ಸುದ್ದಿಯೆಲ್ಲ ಹೇಳಿದಳು. ಗೋಡೆಗೆ ಹೇಳಿದ ಹಾಗಾಯಿತು. ಕೆಲವು ದಿನ ಬೇಕೆಂದೇ ಹೇಳಬಾರದ್ದನ್ನೆಲ್ಲ ಹೇಳಿದಳು. ನಾದಿನಿಯನ್ನು ಬೈದಳು, ಅವನ ಸತ್ತ ತಾಯಿಯನ್ನೂ ಬೈದಳು. ಎಲ್ಲಿಯಾದರೂ ಆ ಬಲಗಾಲು ಒಂದು ಸಲ, ಒಂದೇ ಸಲ ಅಲುಗಿ ‘ಸಾಕು’ ಅನ್ನಲಿ ಎಂಬ ಆಸೆಯಿಂದ, ಅವನ ಸತ್ತ ಪಾದದ ಕೆಳಗೆ ತನ್ನ ಪಾದ ತೂರಿಸಿ ಕಾದಳು. ಅದು ಚೀಲದ ಹಾಗೆ ಮೇಲೆ ಬಿದ್ದಿರುತ್ತಿತ್ತು. ಅವಳಿಗೆ ಅವನ ಧ್ವನಿಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಅದೇ, ತನ್ನನ್ನು ತಡೆಯುವ ಆ ಒಂದು ಒತ್ತು. ತಡೆಯುವವರಿಲ್ಲದ ಮಾತು ಎಷ್ಟು ಬೇಗ ಬೇಸರವಾಗುತ್ತದೆ! ಮಾತುಗಾತಿ ಸಿರಿಂಜಮ್ಮ ಮೆಲ್ಲಮೆಲ್ಲಗೆ ಮೌನಿಯಾದಳು. ಎಡಗಾಲು ಮಾತ್ರ ತನ್ನ ಪಾಡಿಗೆ ದಬ್ ದಬ್ ಎನ್ನುತ್ತಿತ್ತು, ಅದಕ್ಕೂ ಕಂಬಳಿ ಬಿತ್ತು.

“ಅಮ್ಮಾ, ನೀನು ಹೀಗೆ ಕೊರಗ್ತಾ ಇದ್ರೆ ಹೇಗೆ?” ಎಂದಳು ಮಗಳು, ಭಾನುವಾರ ಬಂದವಳು. “ಅಪ್ಪ ಇಲ್ಲಿ ಕೂತಿದ್ದಾರೆ, ಅಷ್ಟೇ. ಇಲ್ಲಿ ಇಲ್ಲ. ಇದನ್ನ ನೀನು ಒಪ್ಕೋಬೇಕು.”

“ಇದಾರೆ ಕಣೆ.”

“ಹೇಗೆ ಹೇಳ್ತೀಯ?”

ಸಿರಿಂಜಮ್ಮ ಗಂಡನ ಬಾಯಿ ಒರೆಸಿದಳು. ಅವಳಿಗೇ ಅನುಮಾನ ಶುರುವಾಗಿತ್ತು, ಆ ಅನುಮಾನವೇ ಅವಳನ್ನು ತಿನ್ನುತ್ತಿತ್ತು.

ಅಷ್ಟರಲ್ಲಿ ಬಂತು ಆಮೆ.

ಸಂಗ್ರಹಾಲಯದಲ್ಲಿ ಒಂದು ಕಡಲಾಮೆಯ ಅಚ್ಚು ಮೊದಲೇ ಇತ್ತು. ಇವರಿಬ್ಬರೂ ಹೊಸದಾಗಿ ಕೆಲಸಕ್ಕೆ ಸೇರಿದಾಗ ತೆಗೆದದ್ದು. ಮೈಗೆ ಹೋಗುವ ನಾಳಗಳೆಲ್ಲ ಚೆನ್ನಾಗಿ ಬಂದಿದ್ದವು, ಶ್ವಾಸಕೋಶಕ್ಕೆ ಹೋಗುವ ನೀಲಿ ನಾಳ ಮಾತ್ರ ಅರ್ಧ ದಾರಿಯಲ್ಲೇ ಮೊಂಡಾಗಿ ನಿಂತಿತ್ತು. ಅವತ್ತು ಸಿರಿಂಜು ಬಿಗಿಯಾಯಿತು, ಅವಳು ತುಂಬಿತು ಅಂದುಕೊಂಡಳು, ಅವನ ಬೆರಳು ಹೃದಯಕ್ಕೆ ಹತ್ತಿರದಲ್ಲೇ ಇತ್ತು, ಅವನೂ ತುಂಬಿತು ಅಂದುಕೊಂಡ. ಸೋಡಾದಿಂದ ತೆಗೆದಾಗ ನೋಡಿದರೆ ಮೊಂಡು. ಯಾಕೆ ಹಾಗಾಯಿತು ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ, ಸಂಗ್ರಹಾಲಯಕ್ಕೆ ಈಗಿನ ಮುಖ್ಯಸ್ಥೆ ಮೇಡಂ ಬಂದ ಮೇಲೆ.

“ಅದು ನಿಮ್ಮ ತಪ್ಪಲ್ಲ,” ಎಂದು ಮೇಡಂ ಇಬ್ಬರನ್ನೂ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿ ವಿವರಿಸಿದ್ದರು. “ಆಮೆ ಹೃದಯಕ್ಕೆ ಮೇಲೆ ಎರಡು ಕೋಣೆ, ಕೆಳಗೆ ಒಂದೇ. ಆ ಒಂದರೊಳಗೆ ಅರ್ಧಂಬರ್ಧ ಗೋಡೆ.”

“ನಮ್ಮನೇಲಿ ಬೀರು ಅಡ್ಡ ಇಟ್ಟು ಎರಡು ರೂಮು ಮಾಡಿದ್ದೀವಲ್ಲ, ಹಾಗೆ,” ಎಂದಿದ್ದಳು ಸಿರಿಂಜಮ್ಮ. ಕಾಲ ಮೇಲೆ ಒಂದು ಒತ್ತು ಬಿದ್ದಿತ್ತು.

“ಹಾಗೇ ಅನ್ಕೊಳ್ಳಿ,” ಎಂದು ಮೇಡಂ ನಕ್ಕಿದ್ದರು. “ಅಲ್ಲಿಂದ ಮೂರು ದೊಡ್ಡ ನಾಳ ಹೊರಡ್ತವೆ. ಎರಡು ಮೈಗೆ. ನಮಗೆ ಮೈಗೆ ಹೋಗೋದು ಒಂದೇ, ಅದು ಎಡಕ್ಕೆ ಬಾಗತ್ತೆ. ಆಮೆಗೆ ಎಡಕ್ಕೊಂದು, ಬಲಕ್ಕೊಂದು, ಹಿಂದೆ ಹೋಗಿ ಎರಡೂ ಕೂಡ್ಕೊಳ್ತವೆ. ಮೂರನೇದು ಶ್ವಾಸಕೋಶಕ್ಕೆ. ಅದರ ದಾರೀಲಿ ಒಂದು ಕಡೆ ಸ್ನಾಯು ದಪ್ಪ, ಬಳೆ ತೊಡಿಸಿದ ಹಾಗೆ. ಆಮೆ ಮುಳುಗಿ ಉಸಿರು ಹಿಡಿದಾಗ ಆ ಬಳೆ ಬಿಗಿ ಆಗತ್ತೆ. ಉಸಿರೇ ಇಲ್ಲದಾಗ ಅಲ್ಲಿಗೆ ಅಷ್ಟು ರಕ್ತ ಯಾಕೆ? ರಕ್ತ ಮೈಯಲ್ಲೇ ಸುತ್ತುತ್ತಾ ಇರತ್ತೆ. ಮೇಲೆ ಬಂದು ಉಸಿರೆಳೆದರೆ ಬಳೆ ಮತ್ತೆ ಸಡಿಲ. ನಿಮ್ಮ ರಾಳ ನಿಂತದ್ದು ಆ ಬಳೆ ಹತ್ತಿರ.”

ಅವತ್ತಿನಿಂದ ಬೆರಳಪ್ಪನಿಗೆ ಅದೇ ಗುಂಗು. ಮನೆಗೆ ಹೊರಡುವ ಮುಂಚೆ ಆ ಪೆಟ್ಟಿಗೆಯ ಮುಂದೆ ನಿಂತು, ಗಾಜಿನ ಮೇಲೆ ಬೆರಳಿಟ್ಟು, ಮೊಂಡು ನಾಳವನ್ನೇ ನೋಡುತ್ತಿದ್ದ. “ಬೆರಳು ಬಳೆಯಿಂದ ಆಚೆ ಇರಬೇಕಿತ್ತು ಕಣೇ. ಇನ್ನೊಂದು ಸಿಗಲಿ, ಬಿಡಲ್ಲ.” ಆದರೆ ಸಂಗ್ರಹಾಲಯಕ್ಕೆ ಆಮೆ ಬರುವುದು ದುಡ್ಡು ಕೊಟ್ಟು ತರಿಸಿದ ಹಾಗಲ್ಲ. ಎಲ್ಲೋ ಒಂದು ತಾನಾಗಿ ಸಾಯಬೇಕು, ಕೊಳೆಯುವ ಮುಂಚೆ ಸಿಗಬೇಕು, ಅನುಮತಿ ಬರಬೇಕು. ವರ್ಷಗಳು ಉರುಳಿದವು, ಆಮೆ ಬರಲಿಲ್ಲ. ಅವನು ಕುರ್ಚಿ ಹಿಡಿದ ಮೇಲೆ, ದೋಣಿಗೆ ಬಡಿದು ಸತ್ತ ದೊಡ್ಡದೊಂದು ಆಮೆ ದಡಕ್ಕೆ ಬಂತು. ಅದರ ಹೃದಯ, ಶ್ವಾಸಕೋಶ ಸಮೇತ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹಿಂದಿನ ಕೋಣೆಗೆ ತಲುಪಿತು. ಈ ವಿಧಿಗೆ ಇಂಥ ಹೊತ್ತಿನಲ್ಲೇ ತಮಾಷೆ ಹೊಳೆಯುತ್ತದೆ.

ಮೇಡಂ ಸಿರಿಂಜಮ್ಮನನ್ನು ಕರೆಸಿ, ತಾವೇ ಬೆರಳಿಡುತ್ತೇನೆ ಎಂದರು. ಅಭ್ಯಾಸಕ್ಕೆ ಕಸಾಯಿ ಅಂಗಡಿಯಿಂದ ಮೇಕೆಯ ಹೃದಯ ತರಿಸಿದರು. ಮೇಡಂ ‘ನಿಲ್ಲಿಸಿ’ ಎಂದು ಕೈಯೆತ್ತುವಷ್ಟರಲ್ಲಿ ನಾಳ ಒಡೆದು ಇಬ್ಬರ ಏಪ್ರನ್ನೂ ನೀಲಿಯಾಯಿತು.

“ಇದು ನನ್ನಿಂದಾಗಲ್ಲ ಸಿರಿಂಜಮ್ಮನವ್ರೇ. ಏನು ಮಾಡೋಣ?”

“ಅವರನ್ನ ಕರ್ಕೊಂಡು ಬರ್ತೀನಿ,” ಎಂದುಬಿಟ್ಟಳು ಸಿರಿಂಜಮ್ಮ. ಬಾಯಿಂದ ಬಂದ ಮೇಲೆಯೇ ತಾನು ಏನು ಹೇಳಿದೆ ಎಂದು ತಿಳಿದದ್ದು. ಅಲ್ಲಿ ಅವನ ಬೆರಳಿಗೆ ಏನೂ ತಿಳಿಯದೆ ಹೋದರೆ, ಮಗಳು ಹೇಳಿದ್ದೇ ನಿಜವಾಗುತ್ತದೆ. ಇಷ್ಟು ದಿನ ಅನುಮಾನವಾದರೂ ಇತ್ತು, ಆಮೇಲೆ ಅದೂ ಇರುವುದಿಲ್ಲ.

ಮಗಳು ಫೋನಿನಲ್ಲಿ ಹಾರಾಡಿದಳು. “ಅಪ್ಪನ್ನ ಯಾಕಮ್ಮಾ ಹಿಂಸೆ ಮಾಡ್ತೀಯ? ಆ ವಾಸನೇಲಿ, ಆ ಸ್ಥಿತೀಲಿ!” ಸಿರಿಂಜಮ್ಮ ಎಲ್ಲಾ ಕೇಳಿಸಿಕೊಂಡು, “ಆಯ್ತಮ್ಮ,” ಎಂದು ಫೋನಿಟ್ಟು, ಗಂಡನಿಗೆ ಕೆಲಸದ ಹಳೇ ಅಂಗಿ ತೊಡಿಸಿದಳು.

ಗಾಲಿಕುರ್ಚಿ ಹಿಂದಿನ ಕೋಣೆಯ ಹೊಸ್ತಿಲು ದಾಟಿದಾಗ ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು, ಆಗಲೂ ಇಲ್ಲ. ಅವನ ಬಲಗೈ ಸತ್ತಿತ್ತು, ಇನ್ನು ಎಡಗೈ ಬೆರಳೇ ಗತಿ. ಎಡಗೈಗೆ ಎಟಕಬೇಕೆಂದರೆ ಆಮೆಯ ಹೃದಯವಿಟ್ಟ ತಟ್ಟೆ ಅವನ ಎಡಕ್ಕೆ ಬರಬೇಕು, ತಟ್ಟೆ ಎಡಕ್ಕೆ ಬಂದರೆ ಸಿರಿಂಜೂ ಎಡಕ್ಕೆ. ಸಿರಿಂಜಮ್ಮ ತನ್ನ ಸ್ಟೂಲನ್ನು ಎತ್ತಿ, ಒಂದು ಗಳಿಗೆ ಯಾವ ಕಡೆ ಇಡುವುದೆಂದು ತೋಚದೆ ನಿಂತು, ಕೊನೆಗೆ ಅವನ ಎಡಗಡೆ ಇಟ್ಟು ಕೂತಳು. ಅಪರಿಚಿತರ ಮನೆಯಲ್ಲಿ ಕೂತ ಹಾಗಿತ್ತು. ಅಭ್ಯಾಸಬಲದಿಂದ ಚಪ್ಪಲಿ ಕಳಚಿದಳು.

ಮೈಗೆ ಹೋಗುವ ಎರಡು ನಾಳಗಳಿಗೆ ಕೆಂಪು ರಾಳ ಸಲೀಸಾಗಿ ಹೋಯಿತು, ಅದಕ್ಕೆ ಬೆರಳು ಬೇಕಿರಲಿಲ್ಲ. ನೀಲಿಯದ್ದೇ ಕಥೆ. ರಾಳ ಕಲಸಿದ ಮೇಲೆ ಬೇಗ ಗಟ್ಟಿಯಾಗುತ್ತದೆ, ಇನ್ನೊಂದು ಸಲ ಎನ್ನುವ ಮಾತೇ ಇಲ್ಲ. ಅವಳು ಅವನ ಎಡಗೈ ತೋರುಬೆರಳನ್ನು ಹಿಡಿದು, ಬಳೆಯಿಂದ ಆಚೆಗೆ, ಶ್ವಾಸಕೋಶಕ್ಕೆ ಹತ್ತಿರವಾಗಿ ನಾಳದ ಮೇಲೆ ಇಟ್ಟಳು. ಬೆರಳು ಇಟ್ಟಲ್ಲೇ ನಿಂತಿತು. ಮಾಸ್ಕು ಸರಿಮಾಡಿಕೊಂಡು ಒತ್ತಲು ಶುರು ಮಾಡಿದಳು.

ಸ್ವಲ್ಪ ಹೋಯಿತು. ಆಮೇಲೆ ಸಿರಿಂಜು ಬಿಗಿಯಾಯಿತು. ಅದೇ ಬಿಗಿ, ಅವಳ ಹೆಬ್ಬೆರಳಿಗೆ ಹಳೇ ಪರಿಚಯ. ಬಳೆಯೋ, ನಾಳ ತುಂಬಿತೋ? ಇನ್ನೊಂದು ಚೂರು ಒತ್ತಿದರೆ ದಾರಿ ಬಿಡುತ್ತದೋ, ಮೇಕೆಯದ್ದರ ಹಾಗೆ ಒಡೆಯುತ್ತದೋ? ಅವಳು ಗಂಡನ ಮುಖ ನೋಡಿದಳು. ಅವನು ಎಲ್ಲೋ ನೋಡುತ್ತಿದ್ದ. ಎದುರಿಗೆ ನಿಂತ ಮೇಡಂ ಉಸಿರು ಬಿಗಿಹಿಡಿದಿದ್ದರು. ಸಾಕು, ಇಷ್ಟೇ ನಮ್ಮ ಹಣೆಬರಹ, ಇದೂ ಮೊಂಡೇ ಆಗಲಿ ಎಂದುಕೊಂಡು ಸಿರಿಂಜಮ್ಮ ಹೆಬ್ಬೆರಳು ಸಡಿಲಿಸಿದಳು.

ಆಗ ಅವಳ ಬಲಗಾಲಿನ ಮೇಲೆ ಏನೋ ಒತ್ತಿತು. ಎರಡು ಸಲ.

ಮೇಜಿನ ಕೆಳಗೆ ಬಗ್ಗಿ ನೋಡುವಂತಿರಲಿಲ್ಲ, ಕೈ ಸಿರಿಂಜಿನ ಮೇಲಿತ್ತು. ಮತ್ತೆ ಎರಡು ಸಲ, ಈ ಸಲ ಜೋರಾಗಿ, ಸಿಟ್ಟಿನಿಂದ. ಇನ್ನೂ. ಇನ್ನೂ ಅಂತ ಹೇಳ್ತಿದ್ದೀನಲ್ಲ! ಅವಳು ಒತ್ತಿದಳು. ಕಣ್ಣಲ್ಲಿ ನೀರು ತುಂಬಿ ಸಿರಿಂಜೇ ಕಾಣುತ್ತಿರಲಿಲ್ಲ, ಕಾಣುವುದು ಬೇಕಾಗಿಯೂ ಇರಲಿಲ್ಲ. ಎರಡು ಒತ್ತು, ಒತ್ತಿದಳು. ಎರಡು ಒತ್ತು, ಒತ್ತಿದಳು. ಬಿಗಿಯಾದದ್ದು ಮೆಲ್ಲಗೆ ದಾರಿ ಬಿಟ್ಟಿತು, ರಾಳ ಆಚೆ ಹರಿಯಿತು. ಆಮೇಲೆ ಒಂದೇ ಒಂದು ಒತ್ತು ಬಂತು. ಅವಳು ನಿಲ್ಲಿಸಿದಳು.

ಸಿರಿಂಜು ಕೆಳಗಿಟ್ಟು, ಮಾಸ್ಕು ಕಿತ್ತು, ಅವನ ಕಡೆ ತಿರುಗಿದಳು. ಅವನ ಮುಖದಲ್ಲಿ ಈಗಲೂ ಏನೂ ಇರಲಿಲ್ಲ, ಆ ಮುಖಕ್ಕೆ ಅಷ್ಟು ಶಕ್ತಿ ಉಳಿದಿರಲಿಲ್ಲ. ಎಡಗಾಲು ಮಾತ್ರ ಅವಳ ಕಾಲಿನ ಮೇಲಿಂದ ಏಳಲಿಲ್ಲ.

“ಸಿರಿಂಜಮ್ಮನವ್ರೇ, ಬಂತು, ಕೊನೇ ತನಕ ಬಂತು!” ಎಂದು ಮೇಡಂ ಕೂಗಿದರು. ಸಿರಿಂಜಮ್ಮನಿಗೆ ಅದು ಕೇಳಿಸಿತೋ ಇಲ್ಲವೋ. ಅವಳ ಕಿವಿಯಲ್ಲಿ ದಬ್ ದಬ್ ಸದ್ದು ತುಂಬಿಕೊಂಡಿತ್ತು. ಕಿಟಕಿಯ ಪಕ್ಕದ ಕುರ್ಚಿ. ಎಡಗಾಲು. ಅವಳು ನಾದಿನಿಯನ್ನು ಬೈದಾಗ, ಅವನ ತಾಯಿಯನ್ನು ಬೈದಾಗ ದಬ್, ಒಂದು. ಬೀದಿಯ ಸುದ್ದಿ ಹೇಳಿ ಸುಸ್ತಾಗಿ ನಿಲ್ಲಿಸಿದಾಗ ದಬ್ ದಬ್, ಎರಡು. ತಿಂಗಳುಗಟ್ಟಲೆ ಅವನು ಇದ್ದ ಒಂದೇ ಕಾಲಿನಲ್ಲಿ ಮಾತಾಡುತ್ತಲೇ ಇದ್ದ. ಅವಳು ಬಲಗಡೆ ಕೂತು, ಸತ್ತ ಪಾದದ ಕೆಳಗೆ ಕಾಲಿಟ್ಟುಕೊಂಡು, ಮಾತಿಲ್ಲವಲ್ಲ ಎಂದು ಅಳುತ್ತಿದ್ದಳು.

“ಕಂಬಳಿ ಹಾಕಿಬಿಟ್ಟೆನಲ್ರೀ,” ಎಂದಳು ಅವಳು, ಮೇಡಂ ಮುಂದೆಯೇ, ಜೋರಾಗಿ ಅಳುತ್ತಾ. “ನೀವು ಮಾತಾಡ್ತಿದ್ರಿ, ನಾನು ಕಂಬಳಿ ಹಾಕಿ ಬಾಯಿ ಮುಚ್ಚಿಸಿಬಿಟ್ಟೆನಲ್ರೀ!”

ಮೇಡಂಗೆ ಅರ್ಥವಾಗಲಿಲ್ಲ. ಒಂದು ಲೋಟ ನೀರು ತರಲು ಹೋದರು.

ಸೋಡಾದಿಂದ ಹೊರಬಂದ ಅಚ್ಚು ಈಗ ಹಳೆಯ ಮೊಂಡಿನ ಪಕ್ಕದಲ್ಲೇ ಇದೆ. ಬಳೆ ಇದ್ದ ಜಾಗದಲ್ಲಿ ನೀಲಿ ನಾಳ ಸಣ್ಣಗಾಗಿ, ಆಚೆ ದೊಡ್ಡ ಪೊದೆಯಾಗಿ ಹರಡಿದೆ. ಒಂದು ಕೆಂಪು ಕೊಂಬೆ ಸ್ವಲ್ಪ ಮುರಿದಿದೆ, ತೊಳೆಯುವಾಗ ಸಿರಿಂಜಮ್ಮನ ಕೈ ಜಾರಿದ್ದರಿಂದ. ಆದರೆ ಅವಳಿಗೆ ಆ ಅಚ್ಚಿಗಿಂತ ಮುಖ್ಯವಾದದ್ದು ಬೇರೆಯೇ ಇತ್ತು. ರಾಳ ತುಂಬಿದ ದಿನ ಸಂಜೆ ಮನೆಗೆ ಬಂದವಳು ಮೊದಲು ಮಾಡಿದ್ದು, ಕುರ್ಚಿಯ ಬಲಗಡೆಯ ಸ್ಟೂಲನ್ನು ಎತ್ತಿ ಎಡಗಡೆ ಇಟ್ಟದ್ದು. ಆ ಕಡೆ ಮಂಚ ಅಡ್ಡ ಬರುತ್ತಿತ್ತು. ಮಂಚವನ್ನೇ ದಬ್ಬಿದಳು. ಕೆಳಗಿನ ಮನೆಯಾಕೆ ಕೋಲಿನಿಂದ ಚಾವಣಿ ತಟ್ಟಿದಳು. ತಟ್ಟಿಕೊಳ್ಳಲಿ ಎಂದುಕೊಂಡಳು ಸಿರಿಂಜಮ್ಮ.

ಮಂಡಿಯೂರಿ ಕೂತು ಕಂಬಳಿಯನ್ನು ಎಳೆದಳು. ಅವನ ಹಿಮ್ಮಡಿ ಬಡಿದು ಬಡಿದು ಅದರಲ್ಲಿ ಒಂದು ಗುಳಿ ಬಿದ್ದಿತ್ತು, ಉಣ್ಣೆ ಸವೆದು ನೂಲು ಕಾಣುತ್ತಿತ್ತು. ಅಷ್ಟೊಂದು ಏನು ಹೇಳಿದ್ದನೋ, ಅದು ಅವಳಿಗೆ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಕಂಬಳಿ ಇದ್ದ ಜಾಗದಲ್ಲಿ ತನ್ನ ಕಾಲಿಟ್ಟು ಕೂತಳು. ಅವನ ಪಾದ ಹುಡುಕಿಕೊಂಡು ಬಂದು ಅದರ ಮೇಲೆ ಇಳಿಯಿತು.

ಅವಳು ಮಾತು ಶುರು ಮಾಡಿದಳು. ಆಮೆಯಿಂದ ಶುರುವಾಗಿ, ಮೇಡಂ ಮೇಲೆ ಸಿಡಿದ ನೀಲಿ ರಾಳ, ಮಗಳ ಫೋನು, ನೀವು ಇಲ್ಲ ಅಂತ ನಂಬೋ ಹಾಗೆ ಮಾಡಿದ್ರು ನನ್ನನ್ನ ಎನ್ನುವ ದೂರು, ನಂಬಿಯೇ ಬಿಟ್ಟಿದ್ದೆ ಎನ್ನುವ ತಪ್ಪೊಪ್ಪಿಗೆ, ಎಲ್ಲಾ ಒಂದರ ಹಿಂದೊಂದು. ಕಣ್ಣೊರೆಸಿಕೊಂಡು ಕೇಳಿದಳು:

“ಸಾಕಾ ರೀ?”

ಎರಡು ಸಲ ಒತ್ತಿದ.